ಸೃಷ್ಟಿ ಬಾಯಿ ಬಿಡಲಿಲ್ಲ

ನಮ್ಮ ಹಿರೋಳ್ಳಿ ಕಡೆ ಹೆಣ್ಣುಮಗಳು ಕಾಗದಪತ್ರದ ಕೆಲಸಕ್ಕೆ ಹೊರಟರೆ ಜೊತೆಗೊಬ್ಬ ಗಂಡಸು ಇರಲೇಬೇಕು, ಮಾತೂ ಅವನೇ ಆಡಬೇಕು. ಗಂಡ ತೀರಿಕೊಂಡ ಮೇಲೆ ಮನೆಯ ಪಾಲು ಬಿಟ್ಟುಕೊಡು ಎಂದು ಕಸ್ತೂರಿಬಾಯಿಗೆ ಗಂಟುಬಿದ್ದಿದ್ದವನು ಭಾವ ದೌಲತರಾಯ. ಶಾಲೆಯಲ್ಲಿ ನಡೆದ ಉಚಿತ ಕಾನೂನು ಶಿಬಿರಕ್ಕೆ ಅವಳನ್ನು ಕರೆತಂದವನೂ ಅವನೇ. ಹೇಗಿದೆ ನೋಡಿ ನಮ್ಮ ಪದ್ಧತಿ.

"ನಮ್ಮ ತಮ್ಮನ ಹೆಂಡ್ತಿ ತನ್ನ ಪಾಲು ಖುಷಿಲೇ ಬಿಟ್ಟುಕೊಡ್ತಾಳ್ರಿ. ಒಂದು ಕಾಗದ ಬರ್ದು ಕೊಡ್ರಿ," ಎಂದ ದೌಲತರಾಯ.

ಶಿಬಿರದಲ್ಲಿ ಕಾಗದ ಬರೆದುಕೊಡಲು ಕೂತಿದ್ದ ಕಾನೂನು ಕಾಲೇಜಿನ ಹುಡುಗಿ ಸೃಷ್ಟಿ ಪಟಪಟ ಬರೆಯತೊಡಗಿದಳು. ತಲೆಯ ಮೇಲಿನ ಸೂರು ಹೋಯಿತಲ್ಲ ಎಂದು ಕಸ್ತೂರಿಬಾಯಿ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು.

ಹಿಂದೆ ಕೂತಿದ್ದ ಶಾಹೀನ ಮೇಡಂ, ಸೃಷ್ಟಿಗೆ ಪಾಠ ಹೇಳುವವರು, ಮೆಲ್ಲಗೆ ಕೇಳಿದರು: "ಪಾಲು ಯಾರ್ದವ್ವಾ? ಮಾತಾಡಾಕತ್ತವ್ರು ಯಾರು?"

ಸೃಷ್ಟಿ ನಾಲಿಗೆ ಕಚ್ಚಿಕೊಂಡಳು. ಬರೆದದ್ದನ್ನು ಹರಿದು ಹಾಕಿ, "ಕಾಕಾ, ನೀವು ಸ್ವಲ್ಪ ಹೊರಗ ಕೂಡ್ರಿ," ಎಂದಳು.

"ನಾ ಮನಿ ಹಿರಿಯಾ ಇದ್ದೇನಿ."

"ಅದಕ್ಕ ಹೊರಗ ಕೂಡ್ರಿ ಅಂದೇನ್ರಿ."

ಅವನು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಬಂದಳು. ಕಸ್ತೂರಿಬಾಯಿಗೆ ನಂಬಿಕೆಯೇ ಇಲ್ಲ. "ನಿನಗ ಹೇಳಿದ್ರ ಭಾವನ ಕಿವಿಗಿ ಹೋಗ್ತದವ್ವಾ. ನಾಳಿ ಅದೇ ಮನ್ಯಾಗ ಇರಾಕಿ ನಾ."

"ನೀವು ಹೂಂ ಅನ್ನೋತನಕ ಹೊರಗ ಯಾರ್ಗೂ ಹೇಳಂಗಿಲ್ರಿ. ವಕೀಲಿ ಕಲಿಯೋದಂದ್ರ ಮೊದ್ಲ ಇದು."

"ಮನಿ ಉಳಿಸಿ ಕೊಡ್ತೀ?"

"ಆ ಮಾತು ಕೊಡಂಗಿಲ್ರಿ. ಆದ್ರ ನಿಮಗ ಒಪ್ಪಿಗಿ ಇಲ್ಲದ ಕಾಗದ ಬರಿಯಂಗಿಲ್ಲ."

ಕಸ್ತೂರಿಬಾಯಿ ಅರೆಮನಸ್ಸಿನಲ್ಲೇ ಹೇಳಿದಳು. ಪಾಲು ಬಿಡಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ.

ಸೃಷ್ಟಿ ಹೊರಗೆ ಬಂದಾಗ ದೌಲತರಾಯ ಚಹಾ ತರಿಸಿ ಕಾದಿದ್ದ. "ಏನಂದ್ಳವ್ವಾ ನಮ್ಮಾಕಿ? ನಾ ಬ್ಯಾರೆ ಅಲ್ಲ, ನಿಮ್ಮಪ್ಪನ ದೋಸ್ತ."

"ಚಹಾ ಬ್ಯಾಡ್ರಿ ಕಾಕಾ. ಆ ಮಾತೂ ಕೇಳಬ್ಯಾಡ್ರಿ."

"ನಿಮ್ಮಪ್ಪಗ ಫೋನ್ ಹಚ್ಚಲೇನು?"

"ಹಚ್ರಿ. ಅಪ್ಪಗೂ ಹೇಳಂಗಿಲ್ಲ."

ಬಾಗಿಲಲ್ಲಿ ನಿಂತು ಇದನ್ನು ಕೇಳಿದ ಕಸ್ತೂರಿಬಾಯಿಯ ಎದೆಯ ಭಾರ ಇಳಿಯಿತು. ಸೆರಗು ಸರಿಮಾಡಿಕೊಂಡು ತಾನೇ ಮುಂದೆ ಬಂದಳು. "ಭಾವನೋರೆ, ಪಾಲು ನಾ ಬಿಡಂಗಿಲ್ಲ. ಕೇಳೂದಿದ್ರ ನನ್ನ ಕೇಳ್ರಿ."

ಎದುರಿಗೆ ಎಂದೂ ಬಾಯಿ ತೆರೆಯದವಳು ಇಷ್ಟು ಮಾತಾಡಿದ್ದನ್ನು ದೌಲತರಾಯ ಅಂದೇ ಕೇಳಿದ್ದು. "ನಿನ್ನ ಮನಸ್ಸಿನಾಗ ಇಲ್ಲಂದ್ರ ಬಿಡವಾ," ಎಂದ, ಮುಖ ದಪ್ಪ ಮಾಡಿಕೊಂಡೇ.

ಕಸ್ತೂರಿಬಾಯಿ ಇವತ್ತಿಗೂ ಅದೇ ಮನೆಯಲ್ಲಿದ್ದಾಳೆ. ಓಣಿಯ ಹೆಣ್ಣುಮಕ್ಕಳನ್ನು ಶಿಬಿರಕ್ಕೆ ಕರೆದುಕೊಂಡು ಹೋಗುವವಳೂ ಈಗ ಅವಳೇ. ಹೋದ ಮೇಲೆ ತಾನು ಹೊರಗೆ ಕೂರುತ್ತಾಳೆ.

ಅಕ್ಕಂದಿರೇ, ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಪುಕ್ಕಟೆ. 15100ಕ್ಕೆ ಫೋನ್ ಮಾಡಿ. ಜೊತೆಗೆ ಯಾರೇ ಬರಲಿ, ಒಳಗೆ ನಿಮ್ಮ ಮಾತು ನೀವೇ ಆಡಿ.