ಬಿಳಿ ಗೋಡೆಯ ಮೇಲೆ ಅಮ್ಮನ ಸೀರೆ

ಊರಿಗೆ ವಿಡಿಯೊ ಕಾಲ್ ಮಾಡಬೇಕಾದರೆ ಸೌದಿಯ ರಾಸ್ ಅಲ್ ಖೈರ್‌ನ ಕಾರ್ಮಿಕರ ಕ್ಯಾಂಪಿನಲ್ಲಿ ಎಲ್ಲರಿಗೂ ಮೆಸ್ಸಿನ ಬಿಳಿ ಗೋಡೆಯೇ ಬೇಕು. ಅದರ ಮುಂದೆ ನಿಂತರೆ ಆರು ಜನರ ಕೋಣೆ ಕಾಣುವುದಿಲ್ಲ, ಹಗ್ಗದ ಮೇಲಿನ ಬಟ್ಟೆ ಕಾಣುವುದಿಲ್ಲ. "ನಾನು ಸೌಖ್ಯ, ಊಟ ಆಯ್ತು" ಅಂದರೆ ಮುಗಿಯಿತು. ನಮ್ಮವರಿಗೆ ಇದೊಂದು ಚಾಳಿ, ಏನು ಮಾಡುವುದು!

ಮಲ್ಪೆಯ ಹಿತೇಶನದೂ ಅದೇ ಚಾಳಿ. ಅಮ್ಮ ತೀರಿಕೊಂಡಾಗ ರಜೆಯ ಕಾಗದ ಕೈಸೇರುವಷ್ಟರಲ್ಲಿ ಉತ್ತರಕ್ರಿಯೆಯೂ ಮುಗಿದಿತ್ತು. ಅವನು ಊರಿಗೆ ಹೋಗಲೇ ಇಲ್ಲ, ಅಳಲೂ ಇಲ್ಲ. ಎರಡು ತಿಂಗಳಿಂದ ಸರಿಯಾಗಿ ಊಟವಿಲ್ಲ, ನಿದ್ದೆಯಿಲ್ಲ. ಈಗೀಗ ಅಕ್ಕ ಶರ್ಮಿಳಾಳ ಫೋನನ್ನೂ ಎತ್ತುತ್ತಿರಲಿಲ್ಲ. ಅಮ್ಮನ ನೆನಪಾದರೆ ಎದೆ ಹಿಂಡುತ್ತಿತ್ತು. ಹೇಳಲು ಬಾಯಿ ಬರುತ್ತಿರಲಿಲ್ಲ.

ಕ್ಯಾಂಪ್ ಕ್ಲಿನಿಕ್ಕಿನ ನರ್ಸ್ ಶಿಹಾಬ್ ಒಂದು ಶುಕ್ರವಾರ ಅವನನ್ನು ಹಿಡಿದು ಕೂರಿಸಿ, ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ.

"ನೋಡಿ ಹಿತೇಶಣ್ಣ, ಈ ಚಿತ್ರಕಾರರು ಕೆನಡಾದ ಮೂಲನಿವಾಸಿ, ಮಿಕ್‌ಮಾಕ್ ಜನಾಂಗದವರು. ದೊಡ್ಡ ದೊಡ್ಡ ಗೋಡೆಗೆ ಎಂಥಾ ಬಣ್ಣ! ತಮ್ಮ ಮನಸ್ಸಿನ ನೋವಿಗೆ ಚಿತ್ರವೇ ಮದ್ದಾಯ್ತು ಅಂತಾರೆ."

"ಎಂತ ಮದ್ದು ಮಾರಾಯ? ಹನ್ನೊಂದು ವರ್ಷದಿಂದ ಪೈಪಿಗೆ ಪೈಂಟ್ ಹೊಡೆಯುವವ ನಾನು. ನಂಗೆ ಎಂತ ಗುಣ ಆಯ್ತು?"

"ಅದು ಕಂಪೆನಿ ಹೇಳಿದ ಬಣ್ಣ ಅಲ್ವಾ? ಒಮ್ಮೆ ನಿಮ್ಮ ಬಣ್ಣ ಹಚ್ಚಿ ನೋಡಿ. ಕ್ಯಾಂಪ್ ಬಾಸ್ ಹತ್ರ ಕೇಳಿದ್ದೇನೆ, ಮೆಸ್ಸಿನ ಗೋಡೆ ನಿಮ್ಗೆ. ಮತ್ತೆ ನಾಳೆ ಡಾಕ್ಟರ್ ಹತ್ರ ಹೋಗುವ, ನಿದ್ದೆ ಇಲ್ಲದ್ದು ಅವರಿಗೆ ಹೇಳ್ಲೇಬೇಕು. ಯಲ್ಲಾ, ಏಳಿ!"

ಹಿತೇಶ ಗೊಣಗುತ್ತಲೇ ಎದ್ದ. ಸೈಟಿನಲ್ಲಿ ಮಿಕ್ಕಿದ್ದ ಹಸಿರು ಪೈಂಟಿನ ಡಬ್ಬಿ ತೆರೆದ. ಮೀನು ಮಾರಲು ಹೊರಡುವಾಗ ಅಮ್ಮ ಉಡುತ್ತಿದ್ದ ಸೀರೆ ಇದೇ ಹಸಿರು. ಗೋಡೆಯ ಮೇಲೆ ಆ ಸೀರೆ ಬರೆದು ಅಂಚಿಗೆ ಹಳದಿ ಎಳೆದ. ತಲೆಯ ಮೇಲಿನ ಬುಟ್ಟಿ ಬರೆಯುವಾಗ ಬ್ರಷ್ ಬಿಟ್ಟು ನೆಲದಲ್ಲೇ ಕುಳಿತು ಗಳಗಳನೆ ಅತ್ತ. ಶಿಹಾಬ್ ಪಕ್ಕದಲ್ಲಿ ಕುಳಿತುಕೊಂಡ.

ಚಿತ್ರ ಮುಗಿಯಲು ಐದು ಶುಕ್ರವಾರ ಹಿಡಿಯಿತು. ನಡುವೆ ಡಾಕ್ಟರರ ಬಳಿಗೂ ಹೋಗಿಬಂದ. ಕೊನೆಗೊಂದು ದಿನ ಅದೇ ಗೋಡೆಯ ಮುಂದೆ ನಿಂತು ಅಕ್ಕನಿಗೆ ಕಾಲ್ ಮಾಡಿದ.

"ಅಯ್ಯೋ, ಅಮ್ಮನ ಸೀರೆ!" ಅಂದಳು ಶರ್ಮಿಳಾ. ಮತ್ತೆ ಕೇಳಿದಳು, "ನೀನು ಸೌಖ್ಯವಾ?"

"ಇಲ್ಲ ಅಕ್ಕ. ಅಮ್ಮನನ್ನು ಒಮ್ಮೆ ನೋಡ್ಬೇಕು ಅಂತ ಆಗ್ತದೆ."

"ನಂಗೂ ಹಾಗೇ ಆಗ್ತದೆ ಮಾರಾಯ. ನಿಂಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ಅಕ್ಕ ತಮ್ಮ ಇಬ್ಬರೂ ಅತ್ತರು. ಆಮೇಲೆ ಹಿತೇಶ ಮೆಸ್ಸಿನೊಳಗೆ ಹೋಗಿ ಎರಡನೇ ಸಲ ಅನ್ನ ಹಾಕಿಸಿಕೊಂಡ.

ಪರದೇಶದಲ್ಲಿರುವ ಅಣ್ಣಂದಿರೇ, ಅಕ್ಕಂದಿರೇ, ಎದೆಯ ಭಾರವನ್ನು ಬಚ್ಚಿಡಬೇಡಿ. ಬಣ್ಣ ಹಚ್ಚಿ, ಆಪ್ತರಿಗೆ ಹೇಳಿ, ಡಾಕ್ಟರರನ್ನು ಕಾಣಿ. ಊರಲ್ಲಿರುವ ಮನೆಯವರೇ, ನಿಮಗೂ ಒಂದು ಮಾತು. "ಊಟ ಆಯ್ತಾ" ಎಂದು ಕೇಳಿ ಫೋನ್ ಇಟ್ಟುಬಿಡಬೇಡಿ. "ಮನಸ್ಸು ಹೇಗುಂಟು" ಎಂದೂ ಕೇಳಿ.