ಕೈರಂಪಣಿಯ ಹಿಡಿತ

ಆದಿ ಉಡುಪಿಯ ಮಾರುಕಟ್ಟೆಯಲ್ಲಿ ಹಮಾಲಿಗಳು "ಐಸಾ... ಹೋಯ್!" ಎಂದು ಲಾರಿಯಿಂದ ಈರುಳ್ಳಿ ಮೂಟೆ ಎಳೆಯುತ್ತಿದ್ದರು. ಕೇಳಿದ್ದೇ ತಡ, ಸುಂದರ ತನ್ನ ಪಕ್ಕದಲ್ಲಿ ಟೊಮೆಟೊ ಆರಿಸುತ್ತಿದ್ದ ಶಿಲ್ಪಾಳ ಕೊರಳಿನ ಶಾಲಿಗೆ ಎರಡೂ ಕೈ ಹಾಕಿ ಹಿಂದಕ್ಕೆ ವಾಲಿದ. ಮೂವತ್ತು ದಾಟಿದ ಗಂಡಸು, ಕಪಾಟಿನಂಥ ಮೈ; ಬುದ್ಧಿ ಮಾತ್ರ ಸಣ್ಣ ಮಗುವಿನದು ಎಂದು ಡಾಕ್ಟರರು ಹೇಳಿದ್ದರು.

"ಬಿಡು! ಸುಂದರಾ, ಬಿಡು ಮಾರಾಯ!" ಅಕ್ಕ ನಳಿನಾಕ್ಷಿ ಕೈಯಲ್ಲಿದ್ದ ಕೊಡೆಯಿಂದಲೇ ಅವನ ಬೆನ್ನಿಗೆ ಬಾರಿಸಿದಳು. ಬಾರಿಸುವುದು ಅವಳಿಗೆ ಹೊಸತೇನಲ್ಲ. ಕಾಪುವಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಇದೇ ಕತೆ: ನಾಲ್ಕು ಜನ ಒಟ್ಟಿಗೆ ಕೂಗಿದರೆ ಸಾಕು, ಸಿಕ್ಕಿದವರ ಬಟ್ಟೆ ಹಿಡಿದು ಎಳೆಯುತ್ತಾನೆ. ಬೆತ್ತವೊಂದೇ ಔಷಧಿ ಎಂದು ಊರೇ ಹೇಳಿತ್ತು. ಊರಿಗೇನು, ಹೇಳಲು ಬಾಯಿ ಉಂಟಲ್ಲ!

ಶಿಲ್ಪಾಳ ಮುಖ ಕಪ್ಪಿಟ್ಟಿತು. ಅವಳ ಗಂಡ, ಹಮಾಲಿ ಭೀಮೇಶ, ಮೂಟೆ ಬಿಸಾಡಿ ಓಡಿ ಬಂದ. "ಬಿಡಲೇ! ನನ್ನ ಹೇಣ್ತಿ ಸಾಯಾಕತ್ತಾಳ!" ಎಂದು ಮರದ ರೀಪಿನಿಂದ ಹೊಡೆದ. ಮಂದಿ ಸೇರಿತು. ಒಬ್ಬ ಮುಖಕ್ಕೆ ಗುದ್ದಿದ, ಇನ್ನೊಬ್ಬ ಪಕ್ಕೆಗೆ ಒದ್ದ. ಸುಂದರನ ಮೂಗು ಒಡೆದು ರಕ್ತ ಗಲ್ಲಕ್ಕಿಳಿಯಿತು. ಎಡಗೈಯ ಮಣಿಕಟ್ಟು ಲಟಕ್ಕೆಂದಿತು. ಬಿಟ್ಟನೇ? ಎಲ್ಲಿಯ ಮಾತು! ಬಲಗೈ ಒಂದರಲ್ಲೇ ಇನ್ನಷ್ಟು ಎಳೆದ.

"ತಲೆಗೆ ಹಾಕಿ ಅವನಿಗೆ!" ಎಂದರು ಯಾರೋ.

ಶಾಲು ಸಡಿಲಾಗದಿದ್ದರೆ ಆ ಹೆಂಗಸು ಸಾಯುತ್ತಾಳೆ. ಆಮೇಲೆ ಇವರು ತಮ್ಮನನ್ನು ಉಳಿಸುವುದಿಲ್ಲ. ನಳಿನಾಕ್ಷಿ ಮತ್ತೆ ಕೊಡೆ ಎತ್ತಿದಳು. ಆಗ ಅವನ ಕಾಲು ಕಂಡಿತು.

ಚಪ್ಪಲಿ ಕಳಚಿದ ಬರಿಗಾಲಿನ ಹಿಮ್ಮಡಿ, ಮರಳಿನಲ್ಲಿ ಊರುವ ಹಾಗೆ, ಸಿಮೆಂಟಿನಲ್ಲಿ ಊರಲು ಹೆಣಗುತ್ತಿತ್ತು. ಕಾಪುವಿನ ಕಡಲ ಬದಿಯಲ್ಲಿ ಕೈರಂಪಣಿ ಬಲೆಯ ಹಗ್ಗಕ್ಕೆ ಜನ ಸಾಲಾಗಿ ನಿಂತು, ನೀರಿಗೆ ಮುಖ ಮಾಡಿ, ಒಟ್ಟಿಗೆ "ಐಸಾ" ಕೂಗುತ್ತ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಎಳೆಯುವಾಗ ಸುಂದರ ಹೀಗೇ ನಿಲ್ಲುತ್ತಿದ್ದ. ಅವನ ಹಿಂದೆ ಅಪ್ಪ. ಕೈ ಸಡಿಲಾದರೆ ಅಪ್ಪನ ಅಂಗೈ ಬೆನ್ನಿಗೆ ಪಟ್ಟೆಂದು ಬೀಳುತ್ತಿತ್ತು: ಹಿಡಿ! ಎಳೆಯುವವರಿಗೆ ಚಾ ಒಯ್ಯುತ್ತಿದ್ದ ಅವಳು ಅದನ್ನು ಎಷ್ಟು ಸಲ ನೋಡಿದ್ದಳೋ. ಅಯ್ಯೋ ದೇವರೇ, ಬೆನ್ನಿಗೆ ಬಿದ್ದರೆ ಗಟ್ಟಿ ಹಿಡಿ ಎಂದೇ ಈ ಮೈ ಕಲಿತದ್ದು!

ಹಾಗಾದರೆ ಬಿಡುವುದು ಯಾವಾಗ? ಮುಂದಿನವರು ಭಾರ ಹೊತ್ತ ಮೇಲೆ ಸಾಲಿನ ಕೊನೆಯವನು ಬಿಡುತ್ತಾನೆ. ಬಿಟ್ಟು, ನೀರಿನ ಬದಿಗೆ ನಡೆದು, ಎಲ್ಲರಿಗಿಂತ ಮುಂದೆ ಹೋಗಿ ಮತ್ತೆ ಹಗ್ಗ ಹಿಡಿಯುತ್ತಾನೆ.

ಕೊಡೆ ಎಸೆದು ಅವನಿಗೂ ಶಿಲ್ಪಾಳಿಗೂ ನಡುವೆ ನುಗ್ಗಿದಳು. ತಮ್ಮನಿಗೆ ಬೆನ್ನು ಮಾಡಿ, ಶಾಲನ್ನು ಎರಡೂ ಕೈಯಲ್ಲಿ ಹಿಡಿದು, ಇಡೀ ಮೈಭಾರ ಬಿಟ್ಟು ಹಿಂದಕ್ಕೆ ವಾಲಿದಳು.

"ಇಕಿನೂ ಜಗ್ಗಾಕತ್ತಾಳಲ್ಲೋ!" ಭೀಮೇಶನ ರೀಪು ಅವಳ ಭುಜಕ್ಕೆ ಬಿತ್ತು. ಕಣ್ಣು ಕತ್ತಲೆಗಟ್ಟಿತು. ಅವಳ ಮುಷ್ಟಿ, ಅವಳನ್ನು ಕೇಳದೆಯೇ, ಬಿಗಿಯಿತು.

ಹಿಂದೆ ಬಟ್ಟೆ ಸಡಿಲಾಯಿತು. ಸುಂದರ ಬಿಟ್ಟಿದ್ದ.

ಅವಳು ಮುಂದಕ್ಕೆ ಹಾರಿ ಶಿಲ್ಪಾಳ ಕೊರಳಿಂದ ಶಾಲು ಬಿಡಿಸಿದಳು. ಶಿಲ್ಪಾ ಕೆಮ್ಮಿದಳು, ಉಸಿರೆಳೆದಳು, ಗಂಡನ ತೋಳಿಗೆ ಕುಸಿದಳು. ಭೀಮೇಶ ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತ.

"ಇನ್ನು ಹೊಡೆಯಬೇಡಿ!" ಮಂದಿಯ ಎದುರು ನಳಿನಾಕ್ಷಿ ಕಿರುಚಿದಳು. "ಹೊಡೆದರೆ ಅವನು ಬಿಡುವುದಿಲ್ಲ ಮಾರಾಯ್ರೆ!"

ಸುಂದರ ಮುರಿದ ಕೈ ಜೋತಾಡಿಸುತ್ತ ಅವಳನ್ನು ಸುತ್ತಿ ಮುಂದೆ ಬಂದ. ಅವಳ ಕೈಯಲ್ಲಿದ್ದ ಶಾಲಿನ ತುದಿ ಹಿಡಿದ. ಹರಿದ ಅಂಗಿಯೊಳಗೆ ಈಗಿನ ಕೆಂಪು ಬಾಸುಂಡೆಗಳು. ಅವುಗಳ ಅಡಿಯಲ್ಲಿ ಅವಳ ಬೆತ್ತದ ನೀಲಿ ಬಾಸುಂಡೆಗಳು. ಹಿಮ್ಮಡಿ ಊರಿ, ಅಕ್ಕ ಹೊಡೆಯಲಿ ಎಂದು ಬೆನ್ನು ಕೊಟ್ಟು ಕಾದ.