ಎಂಟು ಗಂಟೆ ಎರಡು ನಿಮಿಷದ ಓದುಗ

ಹಲ್ಲಿನ ಡಾಕ್ಟರು ಕೂರಿಸುವ ಹಲ್ಲನ್ನು ಬೇರೆ ಯಾರೋ, ಬೇರೆಲ್ಲೋ ಕೂತು ಮಾಡಿರುತ್ತಾರೆ ಎಂಬುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹಾಗೆ ಹಲ್ಲು ಮಾಡುತ್ತಿದ್ದ ಒಬ್ಬಳ ಕಥೆ ಇದು.

ಅವಳಿಗೆ ನಲವತ್ತೇಳು. ಮದುವೆಯಾಗಿರಲಿಲ್ಲ. ಆಗಬಾರದು ಅಂತೇನೂ ಇರಲಿಲ್ಲ. ಒಂದೊಂದು ವರ್ಷ ಒಂದೊಂದು ಕಾರಣಕ್ಕೆ ಮುಂದಕ್ಕೆ ಹೋಗಿ, ಕೊನೆಗೆ ಕೇಳುವವರೂ ಸುಮ್ಮನಾದರು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಹಿಂದಿನದರಲ್ಲಿ ವಾಸ, ಮುಂದಿನದರಲ್ಲಿ ಕೆಲಸ. ಕ್ಲಿನಿಕ್ಕುಗಳಿಂದ ಪ್ಲಾಸ್ಟರಿನ ಅಚ್ಚುಗಳು ಡಬ್ಬಿಯಲ್ಲಿ ಬರುತ್ತಿದ್ದವು, ಹಲ್ಲುಗಳು ಅದೇ ಡಬ್ಬಿಯಲ್ಲಿ ಹೋಗುತ್ತಿದ್ದವು. ಕ್ಲಿನಿಕ್ಕಿನ ಹುಡುಗಿಯರು ಅವಳನ್ನು ತಮ್ಮತಮ್ಮಲ್ಲೇ ‘ಹಲ್ಲಕ್ಕ’ ಎನ್ನುತ್ತಿದ್ದರು. ಒಂದು ಸಲ ಮರೆತು ಡಬ್ಬಿಯ ಮೇಲೂ ಹಾಗೇ ಬರೆದು ಕಳಿಸಿದ್ದರು. ಅವಳಿಗೆ ಬೇಜಾರಾಗಲಿಲ್ಲ. ನಾಲ್ಕು ಜನ ಸೇರಿದಾಗ ತನ್ನ ಮಾತು ಬರುತ್ತದಲ್ಲ, ಅಷ್ಟಾದರೂ ಆಯಿತು ಎಂದುಕೊಂಡಳು.

ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ, ಕುಂಚದ ತುದಿಯಿಂದ ಪದರ ಪದರವಾಗಿ ಇಟ್ಟು, ಕರೆಂಟಿನ ಪುಟ್ಟ ಒಲೆಯೊಳಗೆ ಸೇರಿಸಿದ ಮೇಲೆ ಇಪ್ಪತ್ತು ನಿಮಿಷ ಏನೂ ಮಾಡುವಂತಿಲ್ಲ. ಓದಿನ ಚಟ ಹತ್ತಿದ್ದು ಆ ಇಪ್ಪತ್ತು ನಿಮಿಷಗಳಲ್ಲೇ. ಬಿಳಿ ಬಣ್ಣ ಕಲಸುವುದರ ಬಗ್ಗೆ ಏನೋ ಅನುಮಾನ ಬಂದು ಹುಡುಕಿದಾಗ, ಯಾರೋ ಚಿತ್ರಕಾರರು ಬಿಳಿಯ ಬಗ್ಗೆಯೇ ಬರೆದಿದ್ದ ಉದ್ದನೆಯ ಬರಹ ಸಿಕ್ಕಿತು. ಅಲ್ಲಿಂದ ಇನ್ನೊಂದು, ಮತ್ತೊಂದು. ಹಲ್ಲನ್ನು ತಾನೇ ಮುದ್ರಿಸಿ ಕೊಡುವ ಯಂತ್ರ ಬಂದಿದೆಯಂತೆ, ತನ್ನ ಕಸುಬಿಗೆ ಕುತ್ತು ಬಂತೇನೋ ಎಂಬ ಅಂಜಿಕೆಯಲ್ಲಿ ಯಂತ್ರಗಳ ಬಗ್ಗೆ ಓದತೊಡಗಿದಳು. ಆ ಯಂತ್ರಕ್ಕೆ ಉಳಿತಾಯವನ್ನೆಲ್ಲ ಸುರಿಯಬೇಕೋ ಬೇಡವೋ ತಿಳಿಯದೆ ಹೂಡಿಕೆಯ ಬಗ್ಗೆ ಓದತೊಡಗಿದಳು. ಅಲ್ಲೂ ಅವಳಿಗೆ ಹಿಡಿಸಿದ್ದು ಲಾಭದ ಲೆಕ್ಕವಲ್ಲ. ಏನೂ ಮಾಡದೆ ಸುಮ್ಮನೆ ಕಾಯುವುದು ಎಷ್ಟು ಕಷ್ಟದ ಕೆಲಸ ಎಂದು ತಿಳಿದವರು ಬರೆದ ಬರಹಗಳು ಹಿಡಿಸಿದವು.

ಓದಿದ್ದನ್ನು ಯಾರಿಗಾದರೂ ಹೇಳಬೇಕು. ಇದ್ದವಳು ಬೇರೆ ಊರಿನಲ್ಲಿ ಸಂಸಾರ ಹೂಡಿದ್ದ ತಂಗಿ ಒಬ್ಬಳೇ.

“ಅಕ್ಕಾ, ನೀನು ಹಿಂಗೆ ಹೇಳ್ತಾ ಕೂತ್ರೆ ಇಲ್ಲಿ ಒಲೆ ಮೇಲಿರೋ ಹಾಲು ಉಕ್ಕಿ ಹೋಗುತ್ತೆ,” ಅಂದಳು ತಂಗಿ ಫೋನಿನಲ್ಲಿ. “ಬರೆದು ಕಳಿಸು ಮಾರಾಯ್ತಿ. ಪುರುಸೊತ್ತಾದಾಗ ನೋಡ್ತೀನಿ.”

ಹಾಗೆ ಶುರುವಾಯಿತು ‘ಶನಿವಾರದ ಮೂರು’. ಹಣದ ಬಗ್ಗೆ ಒಂದು, ಯಂತ್ರದ ಬಗ್ಗೆ ಒಂದು, ಚಿತ್ರದ ಬಗ್ಗೆ ಒಂದು. ಮೂರು ಲಿಂಕು, ಪ್ರತಿಯೊಂದರ ಕೆಳಗೆ ಯಾಕೆ ಓದಬೇಕು ಅಂತ ನಾಲ್ಕು ಸಾಲು. ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಮೇಲ್‌ನಲ್ಲಿ ಕಳಿಸುತ್ತಿದ್ದಳು. ತಂಗಿ, ತಂಗಿಯ ಗಂಡ, ಜೊತೆಗೆ ಕೆಲಸ ಕಲಿತಿದ್ದ ಗೆಳತಿಯರು, ಡಾಕ್ಟರುಗಳು ಎಲ್ಲ ಸೇರಿ ಇಪ್ಪತ್ತೆರಡು ಜನ. ಇಪ್ಪತ್ಮೂರನೆಯವರು ನಕ್ಷೆಯವರು.

ಅವರು ಕಟ್ಟಡದ ನಕ್ಷೆ ಪರಿಶೀಲಿಸುವ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ಮುಂದಿನ ಹಲ್ಲು ಮುರಿದಿತ್ತು. ಮುಂದಿನ ಹಲ್ಲೆಂದರೆ ಬಣ್ಣ ಒಂಚೂರು ಹೆಚ್ಚು ಕಡಿಮೆಯಾದರೂ ಎದ್ದು ಕಾಣುತ್ತದೆ. ಅದಕ್ಕೇ ಡಾಕ್ಟರು ಅವರನ್ನೇ ನೇರ ಅವಳ ಹತ್ತಿರ ಕಳಿಸಿದ್ದರು. ಕಿಟಕಿಯ ಬೆಳಕಿಗೆ ಕೂರಿಸಿ, ಹದಿನಾರು ಬಣ್ಣದ ಮಾದರಿ ಹಲ್ಲುಗಳ ಪಟ್ಟಿಯನ್ನು ಅವರ ತುಟಿಯ ಹತ್ತಿರ ಹಿಡಿದಳು.

“ಇಷ್ಟೊಂದು ಯಾಕಮ್ಮ? ಬಿಳಿ ಅಂದ್ರೆ ಬಿಳಿ ತಾನೇ?” ಅಂದರು.

“ನಿಮ್ಮ ಹಲ್ಲಲ್ಲಿ ಬಿಳಿ ಇಲ್ಲವೇ ಇಲ್ಲ. ಬುಡದಲ್ಲಿ ಹಳದಿ, ನಡುವೆ ಬೂದು, ತುದೀಲಿ ಒಂದೆಳೆ ನೀಲಿ.”

ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. “ಐವತ್ನಾಲ್ಕು ವರ್ಷದಿಂದ ಇದನ್ನ ಹೊತ್ಕೊಂಡು ತಿರುಗ್ತಿದೀನಿ, ನಂಗೇ ಗೊತ್ತಿರಲಿಲ್ಲ ನೋಡಿ!”

ಮಾತು ಬಿಳಿಯಿಂದ ನೆರಳಿಗೆ ಹೋಯಿತು. ಹಳೆಯ ನಕ್ಷೆಗಳಲ್ಲಿ ಗೋಡೆಯ ನೆರಳನ್ನು ಕೈಯಲ್ಲೇ ತೀಡುತ್ತಿದ್ದರಂತೆ, ಅದನ್ನು ವಿವರಿಸಿದರು. ಅವಳು ಓದಿದ್ದನ್ನು ಹೇಳಿದಳು. ಎದ್ದು ಹೋಗುವಾಗ, “ಅಂಥದ್ದು ಸಿಕ್ಕಿದ್ರೆ ನಂಗೂ ಕಳಿಸಿ,” ಎಂದು ಕಚೇರಿಯ ಮೇಲ್ ವಿಳಾಸ ಬರೆದುಕೊಟ್ಟರು. ಗಡಿಯಾರ ನೋಡಿದರೆ ಒಂದು ಗಂಟೆ ಕಳೆದಿತ್ತು. ಆ ಕುರ್ಚಿಯಲ್ಲಿ ಅಷ್ಟು ಹೊತ್ತು ಯಾರಾದರೂ ಕೂತದ್ದು ಯಾವಾಗ ಎಂದು ಅವಳಿಗೆ ನೆನಪಾಗಲಿಲ್ಲ.

ಹಲ್ಲು ಡಬ್ಬಿಯಲ್ಲಿ ಕ್ಲಿನಿಕ್ಕಿಗೆ ಹೋಯಿತು. ಅವರು ಮತ್ತೆ ಬರಲಿಲ್ಲ; ಬರುವ ಕಾರಣವೂ ಇರಲಿಲ್ಲ.

ಯಾರು ಯಾವ ಲಿಂಕು ತೆರೆದರು, ಎಷ್ಟು ಹೊತ್ತಿಗೆ ತೆರೆದರು ಎಂದು ತೋರಿಸುವ ಒಂದು ಪುಟ ಆ ಮೇಲ್ ಕಳಿಸುವ ತಾಣದಲ್ಲಿ ಇತ್ತು. ಮೊದಲ ತಿಂಗಳುಗಳಲ್ಲಿ ಅವಳು ಅದರ ಗೋಜಿಗೇ ಹೋಗಿರಲಿಲ್ಲ. ಒಂದು ಶನಿವಾರ ಕುತೂಹಲಕ್ಕೆ ನೋಡಿದರೆ ಮುಖ ಪೆಚ್ಚಾಯಿತು. ತಂಗಿಯ ಹೆಸರಿನ ಮುಂದೆ ಸೊನ್ನೆ. ಅವಳ ಗಂಡನದೂ ಸೊನ್ನೆ. ಡಾಕ್ಟರುಗಳಲ್ಲಿ ಒಬ್ಬರು ಎಂದೋ ಒಮ್ಮೆ ಹಣದ ಲಿಂಕು ಒತ್ತಿದ್ದರು. ಆದರೆ ಕೆಳಗೆ ನಕ್ಷೆಯವರ ವಿಳಾಸದ ಮುಂದೆ ಮೂರಕ್ಕೆ ಮೂರೂ. ಹಿಂದಿನ ವಾರವೂ ಮೂರು, ಅದರ ಹಿಂದಿನ ವಾರವೂ. ಎಲ್ಲ ಸಲವೂ ಎಂಟು ಗಂಟೆ ಎರಡು ನಿಮಿಷಕ್ಕೆ.

ಎಂಟಕ್ಕೆ ಕಾದು ಕೂತಿರುತ್ತಾರೆ! ಅವಳ ಕಿವಿ ಬಿಸಿಯಾಯಿತು.

ಅವತ್ತಿನಿಂದ ಅವಳು ಬರೆದದ್ದು ಇಪ್ಪತ್ಮೂರು ಜನಕ್ಕಲ್ಲ, ಒಬ್ಬರಿಗೆ. ಸೇತುವೆ, ಕಟ್ಟಡಗಳ ಬಗ್ಗೆ ಏನಾದರೂ ಸಿಕ್ಕರೆ ಅವರಿಗೆಂದೇ ಎತ್ತಿಡುತ್ತಿದ್ದಳು. ಒಂದೇ ಮರವನ್ನು ಹನ್ನೊಂದು ವರ್ಷ ಬಿಡಿಸಿದವರ ಬರಹ ಸಿಕ್ಕ ವಾರವಂತೂ ಶನಿವಾರ ಯಾವಾಗ ಬರುತ್ತದೋ ಎಂದು ಚಡಪಡಿಸಿದಳು. ಅವರಿಂದ ಒಂದೇ ಒಂದು ಉತ್ತರವೂ ಬರುತ್ತಿರಲಿಲ್ಲ. ಮಾತು ಕಡಿಮೆಯವರು ಎಂದುಕೊಂಡಳು. ಶನಿವಾರ ಬೆಳಿಗ್ಗೆ ಚಹಾ ಹಿಡಿದು ಕಂಪ್ಯೂಟರಿನ ಮುಂದೆ ನಿಲ್ಲುವುದು, ಎಂಟೂ ಎರಡಕ್ಕೆ ಆ ಸಾಲು ಮೂಡುವುದು, ಮೊದಲ ಗುಟುಕು ಕುಡಿಯುವುದು. ವಾರದಲ್ಲಿ ಅವಳ ಜೊತೆ ಒಬ್ಬರು ಇರುತ್ತಿದ್ದ ಹೊತ್ತೆಂದರೆ ಅದೇ.

ಒಮ್ಮೆ ಚಿತ್ರದ ಲಿಂಕಿನ ಕೆಳಗೆ, ಬರೆಯಬೇಕೆಂದಿದ್ದಕ್ಕಿಂತ ಒಂದು ಸಾಲು ಹೆಚ್ಚಿಗೆ ಬರೆದಳು: ‘ಇದನ್ನು ಓದುವಾಗ ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.’ ಕಳಿಸಿದ ಮೇಲೆ ನಾಚಿಕೆಯಾಗಿ ನಾಲಿಗೆ ಕಚ್ಚಿಕೊಂಡಳು. ಎಂಟೂ ಎರಡಕ್ಕೆ ಮೂರು ಲಿಂಕೂ ತೆರೆದವು. ಉತ್ತರ ಬರಲಿಲ್ಲ. ಕಂಡೂ ಕಾಣದ ಹಾಗೆ ಬಿಟ್ಟುಬಿಟ್ಟರಲ್ಲ, ಎಂಥ ದೊಡ್ಡ ಮನಸ್ಸು ಎಂದುಕೊಂಡಳು.

ಹೀಗೆ ಎರಡೂವರೆ ವರ್ಷ.

ಹಲ್ಲು ಮುದ್ರಿಸುವ ಯಂತ್ರ ಮಾರುವವರೊಬ್ಬರು ಆಗಾಗ ಬಂದು ಅವಳ ತಲೆ ತಿನ್ನುತ್ತಿದ್ದರು. ನಡುವಯಸ್ಸಿನ ಬಾಯಿಬಡುಕ, ಆದರೆ ಮನುಷ್ಯ ಕೆಟ್ಟವರಲ್ಲ. ಒಂದು ಶನಿವಾರ ಅವರು ಎಂಟಕ್ಕೇ ಬಂದು ಕೂತರು. ಅವಳು ಅವರಿಗೂ ಚಹಾ ಕೊಟ್ಟು, ಕಂಪ್ಯೂಟರಿನಿಂದ ಕಣ್ಣು ಕೀಳದೆ ನಿಂತಿದ್ದಳು.

“ಏನಕ್ಕ, ಕ್ರಿಕೆಟ್ಟಾ?”

ಅವಳಿಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟಳು, ನಕ್ಷೆಯವರ ಹೆಸರು ಬಿಟ್ಟು ಉಳಿದದ್ದೆಲ್ಲ. ಅವರು ಎದ್ದು ಬಂದು ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿದರು.

“ಅಕ್ಕ, ಇದು ಕಚೇರಿ ವಿಳಾಸ ಅಲ್ವಾ?”

“ಹೌದು.”

“ಬೇಜಾರು ಮಾಡ್ಕೋಬೇಡಿ. ಮೂರೂ ಲಿಂಕು ಒಂದೇ ನಿಮಿಷದಲ್ಲಿ ತೆರೆದಿವೆ. ಮನುಷ್ಯರು ಹಂಗೆ ಓದ್ತಾರಾ? ದೊಡ್ಡ ಕಚೇರಿಗಳಲ್ಲಿ ಕಾವಲಿಗೆ ಅಂತ ಒಂದು ಪ್ರೋಗ್ರಾಮ್ ಇಟ್ಟಿರ್ತಾರೆ. ಬಂದ ಮೇಲ್‌ನಲ್ಲಿರೋ ಲಿಂಕನ್ನೆಲ್ಲ ಅದೇ ತೆರೆದು ನೋಡುತ್ತೆ, ವೈರಸ್ಸು ಗಿರಸ್ಸು ಇದೆಯಾ ಅಂತ. ನಮ್ಮ ಕಂಪನೀಲೂ ಇದೆ.”

“ಅವರು ಆಮೇಲೆ ಓದ್ತಿರಬಹುದಲ್ಲ?”

“ಓದ್ತಿರಬಹುದು,” ಅಂದರು ಅವರು, ತೀರಾ ಬೇಗ. ಅವತ್ತು ಯಂತ್ರದ ಮಾತೆತ್ತದೆ ಎದ್ದು ಹೋದರು.

ವಾರವಿಡೀ ಅವಳಿಗೆ ಕೈಯೇ ಓಡಲಿಲ್ಲ. ಎರಡು ಹಲ್ಲುಗಳನ್ನು ಬಣ್ಣ ತಪ್ಪಿ ಮತ್ತೆ ಮಾಡಿದಳು. ಶುಕ್ರವಾರ ಮಧ್ಯಾಹ್ನ ಒಂದು ಉಪಾಯ ಹೊಳೆಯಿತು. ಮೇಲ್‌ನ ಕೊನೆಗೆ ಒಂದು ಚುಕ್ಕಿ ಇಟ್ಟಳು. ಹಿನ್ನೆಲೆ ಅಚ್ಚ ಬಿಳಿ, ಚುಕ್ಕಿಯೂ ಅಚ್ಚ ಬಿಳಿ. ಆ ಚುಕ್ಕಿಗೆ ನಾಲ್ಕನೆಯ ಲಿಂಕು ಅಂಟಿಸಿದಳು. ಬಿಳಿಯಲ್ಲಿ ಬಿಳಿಯನ್ನು ಬೇರೆ ಮಾಡಿ ನೋಡುವುದೇ ಅವಳ ಕಸುಬು; ಅವಳ ಕಣ್ಣಿಗೂ ಅದು ಕಾಣಲಿಲ್ಲ. ಮನುಷ್ಯರಾದವರು ಅದನ್ನು ಒತ್ತುವಂತೆಯೇ ಇರಲಿಲ್ಲ.

ಶನಿವಾರ ಎಂಟಕ್ಕೆ ಕಳಿಸಿದಳು. ಎಂಟೂ ಎರಡಕ್ಕೆ ಸಾಲು ಮೂಡಿತು. ನಾಲ್ಕಕ್ಕೆ ನಾಲ್ಕೂ.

ಕೈಯಲ್ಲಿದ್ದ ಚಹಾ ಕುಡಿದಳೋ ಚೆಲ್ಲಿದಳೋ ಅವಳಿಗೆ ಆಮೇಲೆ ನೆನಪಾಗಲಿಲ್ಲ.

ಆದರೂ ‘ಆಮೇಲೆ ಓದ್ತಿರಬಹುದು’ ಎಂಬ ಮಾತು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು. ಬುಧವಾರ ಒಂದು ಕ್ಲಿನಿಕ್ಕಿಗೆ ಡಬ್ಬಿ ಕೊಡುವ ನೆವದಲ್ಲಿ ಆ ಕಚೇರಿಯ ರಸ್ತೆಗೆ ಹೋದಳು. ಹೊರಗೆ ಎರಡು ಸಲ ಅತ್ತಿಂದಿತ್ತ ನಡೆದು, ಒಳಗೆ ಹೋದಳು. ಬಾಗಿಲ ಮೇಜಿನ ಹೆಂಗಸು ನಕ್ಷೆಯವರ ಹೆಸರು ಕೇಳಿ ತಲೆಯೆತ್ತಿದರು.

“ಅವರು ಕೆಲಸ ಬಿಟ್ಟು ಎರಡು ವರ್ಷ ಆಯ್ತಲ್ಲ! ಮಗಳ ಮನೆಗೆ ಹೋಗಿಬಿಟ್ರು. ನೀವು ಅವರಿಗೆ ಏನಾಗಬೇಕು?”

ಏನಾಗಬೇಕು? “ಅವರ ಹಲ್ಲು ನಾನು ಮಾಡಿದ್ದು,” ಅಂದಳು.

ಆ ಹೆಂಗಸು ನಗಬೇಕೋ ಬೇಡವೋ ತಿಳಿಯದೆ ತುಟಿ ಬಿಗಿಹಿಡಿದರು. “ಮತ್ತೆ ಅವರ ಮೇಲ್ ವಿಳಾಸ?” ಎಂದು ಅವಳು ಕೇಳಿದಳು.

“ಅದನ್ನ ಯಾರೂ ಮುಚ್ಚಿಲ್ಲ ಅನ್ಸುತ್ತೆ. ನಮ್ಮಲ್ಲಿ ಇಂಥದ್ದೆಲ್ಲ ಹಂಗೇ. ಏನಾದ್ರೂ ಮುಖ್ಯವಾದ್ದಿತ್ತಾ? ಇರಿ, ಅವರಿಗೇ ಫೋನ್ ಹಚ್ಚಿ ಕೊಡ್ತೀನಿ. ಅದಕ್ಕೇನಂತೆ!” ಬೇಡ ಬೇಡ ಅನ್ನುವಷ್ಟರಲ್ಲಿ ‘ನಿಮ್ಮ ಹಲ್ಲು ಮಾಡಿದವರಂತೆ’ ಎಂದು ಹೇಳಿಯೂ ಆಗಿ, ಫೋನು ಅವಳ ಕೈಗೆ ಬಂದಿತ್ತು.

“ಓಹೋ, ಹಲ್ಲಿನವರಾ! ಕಿಟಕಿ ಹತ್ರ ಕೂರಿಸಿದ್ರಿ.” ಅದೇ ದನಿ. ಹಿಂದೆ ಒಂದು ಮಗು ಪಾತ್ರೆ ಬಡಿಯುತ್ತಿತ್ತು. “ನೀವೇನೋ ಕಳಿಸ್ತಿದ್ರಿ ಅಲ್ವಾ? ಮೊದಮೊದಲು ಒಂದೆರಡು ಓದಿದ್ದೆ ಕಣಮ್ಮ. ಚೆನ್ನಾಗಿದ್ವು. ಆಮೇಲೆ ಈ ಕಡೆ ಬಂದುಬಿಟ್ಟೆ. ಈಗಂತೂ ಮೊಮ್ಮಗಳ ಹಿಂದೆ ಓಡೋದೇ ಕೆಲಸ, ಓದೋದೆಲ್ಲಿ ಬಂತು!”

“ಹಲ್ಲು ಹೇಗಿದೆ?” ಎಂದು ಕೇಳಿದಳು.

“ಹಲ್ಲಾ? ಯಾವುದು ನಿಮ್ದು ಅಂತ ನಂಗೇ ಮರೆತುಹೋಗಿದೆ ನೋಡಿ.”

ಅವಳ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅದು ಅವಳಿಗೆ ಗೊತ್ತಿತ್ತು. ಫೋನು ಹಿಂದಿರುಗಿಸಿ, ಥ್ಯಾಂಕ್ಸ್ ಹೇಳಿ, ಮೆಟ್ಟಿಲಿಳಿದು ಬಸ್ಸು ಹತ್ತಿದಳು. ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋದ ಮೇಲೆ ಎಚ್ಚರವಾಯಿತು. ಅಲ್ಲಿಂದ ನಡೆದುಕೊಂಡೇ ಮನೆಗೆ ಬಂದಳು.

ಮನೆಗೆ ಬಂದು ಆ ವಿಳಾಸ ಅಳಿಸಿದಳು. ಆ ಶನಿವಾರ ಏನೂ ಕಳಿಸಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಒಲೆಯಲ್ಲಿ ಹಲ್ಲು ಬೇಯುವ ಇಪ್ಪತ್ತು ನಿಮಿಷ ಕಿಟಕಿಯಿಂದ ಎದುರಿನ ಕಟ್ಟಡ ನೋಡುತ್ತ ಕೂರುತ್ತಿದ್ದಳು. ಇಪ್ಪತ್ತೆರಡು ಜನರಲ್ಲಿ ಒಬ್ಬರೂ ಯಾಕೆ ಅನ್ನಲಿಲ್ಲ. ಯಂತ್ರ ಮಾರುವವರು ಮಾತ್ರ ಒಮ್ಮೆ ಬಂದು, ಬಾಗಿಲಲ್ಲೇ ನಿಂತು, ಬೇಕಿಲ್ಲದಿದ್ದರೂ ಹವಾಮಾನದ ಬಗ್ಗೆ ಮಾತಾಡಿ ಹೋದರು.

ಮೂರನೆಯ ಶನಿವಾರ ಒಂಬತ್ತರ ಹೊತ್ತಿಗೆ ತಂಗಿಯ ಫೋನು.

“ಅಕ್ಕಾ, ಹುಷಾರಾಗಿದೀಯಾ?”

“ನಂಗೇನಾಗಿದೆ?”

“ಅಲ್ಲ, ಅದೇನೋ ಶನಿವಾರ ಶನಿವಾರ ಕಳಿಸ್ತಿದ್ದೆಯಲ್ಲ. ಮೊದಲನೇ ವಾರ ಮರೆತಿರ್ತಾಳೆ ಅಂದ್ಕೊಂಡೆ. ಎರಡನೇ ವಾರ ಕೆಲಸ ಜಾಸ್ತಿ ಇರಬೇಕು ಅಂದ್ಕೊಂಡೆ. ಇವತ್ತು ಯಾಕೋ ಹೆದರಿಕೆ ಆಯ್ತು.”

“ನೀನು ಅದನ್ನ ಓದ್ತಿದ್ಯಾ?” ಉತ್ತರ ಗೊತ್ತಿದ್ದೂ ಕೇಳಿದಳು.

ತಂಗಿ ಸುಳ್ಳು ಹೇಳಲಿಲ್ಲ. “ಇಲ್ಲ ಕಣೇ. ತೆರೆಯೋದೂ ಇಲ್ಲ. ನಂಗದು ತಲೆಗೆ ಹತ್ತಲ್ಲ. ಆದ್ರೆ ಶನಿವಾರ ಎದ್ದ ತಕ್ಷಣ ನೋಡ್ತೀನಿ, ಬಂದಿರುತ್ತೆ. ಸರಿ, ಅಕ್ಕ ಚೆನ್ನಾಗಿದಾಳೆ ಅಂದ್ಕೊಂಡು ಕೆಲಸಕ್ಕೆ ಹತ್ಕೋತೀನಿ.”

ಅಕ್ಕನಿಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ ತಿಳಿಯಲಿಲ್ಲ. “ಅಷ್ಟಿದ್ರೆ ಮೊದಲೇ ಒಂದು ಫೋನ್ ಮಾಡಬಹುದಿತ್ತಲ್ಲ?” ಅಂದಳು.

“ಈಗ ಮಾಡಿದೀನಲ್ಲ,” ಅಂದಳು ತಂಗಿ. “ಬೈದ್ಕೋ. ಆದ್ರೆ ಕಳಿಸು.”

ಆ ವಾರ ಅವಳು ಮತ್ತೆ ಓದಲು ಕೂತಳು. ಮೊದಲೆರಡು ದಿನ ಕಣ್ಣು ಸಾಲಿನ ಮೇಲೆ ಓಡಿತೇ ಹೊರತು ಮನಸ್ಸಿಗೆ ಏನೂ ಇಳಿಯಲಿಲ್ಲ. ಗುರುವಾರ, ಹಳೆಯ ಗಡಿಯಾರಗಳ ಸದ್ದನ್ನು ಧ್ವನಿಮುದ್ರಿಸಿ ಕೂಡಿಡುವ ಒಬ್ಬ ಎಂಜಿನಿಯರಿನ ಬರಹ ಸಿಕ್ಕಿತು. ಓದುತ್ತ ಓದುತ್ತ ಒಲೆಯ ಗಂಟೆ ಬಡಿದದ್ದೇ ಅವಳಿಗೆ ಕೇಳಿಸಲಿಲ್ಲ. ಅದರ ಕೆಳಗೆ ನಾಲ್ಕರ ಬದಲು ಏಳು ಸಾಲು ಬರೆದಳು. ಚಿತ್ರದ ಬಗ್ಗೆ ಒಂದು ಸುಮಾರಾದದ್ದು ಸಿಕ್ಕಿತು. ಹಣದ ಬಗ್ಗೆ ಒಳ್ಳೆಯದೇನೂ ಸಿಗಲಿಲ್ಲ. ಸಿಗಲಿಲ್ಲ ಎಂದೇ ಬರೆದಳು.

ಶನಿವಾರ ಎಂಟಕ್ಕೆ ಇಪ್ಪತ್ತೆರಡು ಜನಕ್ಕೆ ಕಳಿಸಿ, ಕೈ ತೊಳೆದುಕೊಂಡು, ಸೋಮವಾರಕ್ಕೆ ಬೇಕೆಂದು ಬಂದಿದ್ದ ಕೆಳದವಡೆಯ ಅಚ್ಚನ್ನು ಡಬ್ಬಿಯಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.